ಕಾಯಿಲೆಯೇ ಬಾರದ ನಮ್ಮಕ್ಕ

ನಮ್ಮಕ್ಕನಿಗೆ ಹುಟ್ಟಿದಾಗಿನಿಂದ ಒಂದು ಕಾಯಿಲೆಯೂ ಬಂದಿಲ್ಲ. ಬೇಕಾದರೆ ಅವಳನ್ನೇ ಕೇಳಿ ನೋಡಿ. ಬಂದದ್ದೆಲ್ಲ ಅವಳ ಮನೆಗೆ! ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಇರುವ ಆ ಮನೆ, ಅವಳಿಗೆ ಐವತ್ತು ಹತ್ತಿರವಾದಂತೆ, ಒಂದು ದಿನವೂ ನೆಟ್ಟಗಿರಲಿಲ್ಲ.

ಮೊದಲು ಕೆಟ್ಟದ್ದು ಫ್ಯಾನು. ಡಿಸೆಂಬರಿನ ಚಳಿ. ನಮ್ಮ ಭಾವ ಹಳೇಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರು, ಹೆಂಡತಿಗೆ ಎದುರಾಡಿ ಅಭ್ಯಾಸವಿಲ್ಲದವರು. ಅವರು ತಲೆಗೆ ಮಫ್ಲರ್ ಸುತ್ತಿಕೊಂಡು ಚಹಾ ಕುಡಿಯುತ್ತಿದ್ದರೆ, ಪಕ್ಕದಲ್ಲಿ ಅಕ್ಕ ಮುಖವೆಲ್ಲ ಕೆಂಪಾಗಿ, ಕುತ್ತಿಗೆಯಿಂದ ಬೆವರಿಳಿಸಿಕೊಂಡು, ಈ ಫ್ಯಾನು ತಿರುಗೋದೇ ಇಲ್ಲ ಎಂದು ದೂರುತ್ತಿದ್ದಳು. ಅದು ಭಾವನ ಪೇಪರು ಹಾರಿಹೋಗುವಷ್ಟು ಜೋರಾಗಿ ತಿರುಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಫ್ಯಾನು ಸರಿಯಾಗಿದೆ ಎಂದ. ಹಾಗಾದರೆ ತಪ್ಪು ತಾರಸಿಯದು ಎಂದಳು ಅಕ್ಕ. ತಾರಸಿಗೆ ಬಿಳಿ ಬಣ್ಣ ಬಳಿಸಿದ್ದಾಯಿತು. ಅಷ್ಟಾದರೂ ಸೆಕೆ ಹೋಗಲಿಲ್ಲ. ಆಗಾಗ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಮುಖವಿಟ್ಟು ನಿಲ್ಲುತ್ತಿದ್ದಳು. ಏನು ಹುಡುಕುತ್ತಿದ್ದೀಯ ಎಂದರೆ ಕೊತ್ತಂಬರಿ ಸೊಪ್ಪು ಅನ್ನುತ್ತಿದ್ದಳು. ಕೊತ್ತಂಬರಿ ಅವಳ ಕೈಯಲ್ಲೇ ಇರುತ್ತಿತ್ತು.

ಆಮೇಲೆ ಕೆಟ್ಟದ್ದು ನೆಲ. ಟೈಲ್ಸ್ ಕಾಲಿನ ಶಕ್ತಿಯನ್ನೆಲ್ಲ ಹೀರುತ್ತದಂತೆ! ಅಡುಗೆಮನೆಯಿಂದ ಬಚ್ಚಲವರೆಗೆ ಚಾಪೆ ಹಾಸಿಸಿದಳು. ಆ ಚಾಪೆಗೆ ಎಡವಿ ಬಿದ್ದವರು ಭಾವ. ಅವಳು ಬೀಳಲಿಲ್ಲ, ಯಾಕೆಂದರೆ ಗೋಡೆ ಹಿಡಿದೇ ನಡೆಯುತ್ತಿದ್ದಳು. ಗೋಡೆಗೆ ಯಾಕೆ ಕೈ ಹಚ್ಚುತ್ತೀ ಎಂದು ಕೇಳಿದರೆ ಬಣ್ಣ ಒಣಗಿದೆಯೋ ನೋಡುತ್ತಿದ್ದೇನೆ ಎನ್ನುತ್ತಿದ್ದಳು. ಆ ಗೋಡೆಗೆ ಬಣ್ಣ ಹಚ್ಚಿ ಎಷ್ಟೋ ವರ್ಷವಾಗಿತ್ತು.

ಕುಕ್ಕುವಾಡದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ನೆಲದ ಮೇಲೆ ಪಂಕ್ತಿ. ಅಕ್ಕ ನನ್ನ ಭುಜ ಹಿಡಿದು ಹೇಗೋ ಕೂತಳು. ಊಟ ಮುಗಿದು ಎಲ್ಲರೂ ಎದ್ದರು, ಅವಳು ಏಳಲಿಲ್ಲ. ಬಡಿಸುವವರು ಬಂದು ನೋಡಿದಾಗ, "ಇನ್ನೊಂಚೂರು ಅನ್ನ ಹಾಕ್ರಿ, ಸಾರು ಭಾಳ ಚಲೋ ಐತೆ" ಎಂದಳು. ಮುಂದಿನ ಪಂಕ್ತಿಯವರ ಜೊತೆಗೂ ಉಂಡಳು. ಅದರ ಮುಂದಿನ ಪಂಕ್ತಿ ಕೂರುವ ಹೊತ್ತಿಗೆ ಅವಳ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಖಾರ ಎಂದಳು. ಕೊನೆಗೆ ಜನ ಕರಗಿದ ಮೇಲೆ ನಾನೂ ಭಾವನೂ ಎರಡು ಕಡೆ ತೋಳು ಹಿಡಿದು ಎತ್ತಿದೆವು. ಆಕೆಯ ಹಾಗೆ ಉಣ್ಣುವ ಹೆಂಗಸನ್ನು ಕಂಡಿಲ್ಲ ಎಂದು ಆ ಊರಿನವರು ಈಗಲೂ ಮೆಚ್ಚಿಕೊಳ್ಳುತ್ತಾರೆ.

ಮುಟ್ಟು ಎರಡು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಎಂದು ಆಟವಾಡಿ, ಒಂದು ದಿನ ಪೂರಾ ನಿಂತೇ ಹೋಯಿತು. ಅಕ್ಕ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಏನು ವಿಶೇಷ ಎಂದು ಕೇಳಿದವರಿಗೆ ಬೇಳೆ ಜಾಸ್ತಿ ಇತ್ತು ಎಂದಳು. ಆ ಹೋಳಿಗೆ ತಟ್ಟಿಕೊಟ್ಟವಳು ನಾನು. ಬೆಳಗಿನ ಹೊತ್ತು ಅವಳ ಬೆರಳು ಮಡಚಲು ಬರುತ್ತಿರಲಿಲ್ಲ. ಹಿಟ್ಟು ಸರಿಯಿಲ್ಲ ಎಂದಳು. ಆಯಿತಪ್ಪ, ಹಿಟ್ಟು ಸರಿಯಿಲ್ಲ!

ಹೀಗೆ ನಾವು ನಗುತ್ತ ನಗುತ್ತಲೇ ಇದ್ದ ಕಾಲದಲ್ಲಿ ಅವಳ ಮಗಳು ಬಾಣಂತನಕ್ಕೆ ಬಂದಳು. ಹರಿಹರಕ್ಕೆ ಕೊಟ್ಟ ಒಬ್ಬಳೇ ಮಗಳು, ಚೊಚ್ಚಲ ಹೆರಿಗೆ, ಗಂಡು ಮಗು. ಇಲ್ಲಿ ಒಂದು ಮಾತು ಹೇಳಬೇಕು. ಎಳೆಗೂಸಿಗೆ ಎರೆಯುವುದರಲ್ಲಿ ನಮ್ಮಕ್ಕನನ್ನು ಮೀರಿಸಿದವರಿರಲಿಲ್ಲ. ಮಣೆ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತೀಡಿ ಬಿಸಿನೀರು ಹುಯ್ದರೆ, ಅಳುತ್ತಿದ್ದ ಕೂಸು ಅಲ್ಲೇ ತೂಕಡಿಸುತ್ತಿತ್ತು. ನನ್ನ ಎರಡು ಮಕ್ಕಳಿಗೂ, ಓಣಿಯ ಎಷ್ಟೋ ಕೂಸುಗಳಿಗೂ ಎರೆದವಳು ಅವಳೇ. ಸ್ವಂತ ಮೊಮ್ಮಗನಿಗೆ ಮಾತ್ರ ಮೊದಲ ದಿನವೇ ಸಂಬಳದ ಹೆಂಗಸನ್ನು ಗೊತ್ತು ಮಾಡಿದಳು.

ನೀನೇ ಯಾಕೆ ಎರೆಯುವುದಿಲ್ಲ ಎಂದು ಮಗಳು ಕೇಳಿದಳು. ಈಗಿನ ಡಾಕ್ಟರುಗಳು ಅಜ್ಜಿಯರು ಎರೆಯಬಾರದು ಅನ್ನುತ್ತಾರೆ ಎಂದು ಅಕ್ಕ ಕಥೆ ಕಟ್ಟಿದಳು. ಮಗಳು ನಂಬಲಿಲ್ಲ. ಎತ್ತಿಕೋ ಎಂದು ಕೂಸನ್ನು ಚಾಚಿದಾಗ ಇವಳು ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋಗುತ್ತಿದ್ದಳು. ಅಮ್ಮನಿಗೆ ನನ್ನ ಕೂಸೇ ಬೇಕಿಲ್ಲ ಎಂದು ನನ್ನೆದುರು ಹುಡುಗಿ ಅತ್ತಳು. ಮಗುವಿಗೆ ಮೂರು ತಿಂಗಳು ತುಂಬುವ ಮೊದಲೇ ಹರಿಹರಕ್ಕೆ ಹೊರಟು ಹೋದಳು. ಅಕ್ಕ ಬಾಗಿಲಲ್ಲಿ ನಿಂತು, ಈ ಮನೆಯ ಗಾಳಿ ಕೂಸಿಗೆ ಒಗ್ಗಲಿಲ್ಲ ಎಂದಳು. ಯಾರೂ ನಗಲಿಲ್ಲ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಹೆಪ್ಪು ಕೇಳಲು ಅವಳ ಮನೆಗೆ ಹೋದೆ. ಬಚ್ಚಲಲ್ಲಿ ನೀರಿನ ಸದ್ದು. ಇಣುಕಿದೆ. ಅಕ್ಕ ಮಣೆ ಮೇಲೆ ಕೂತು ಹಲ್ಲು ಕಚ್ಚಿ ಕಾಲು ನೀಡಿದ್ದಳು. ಕಾಲ ಮೇಲೆ, ಟವೆಲ್ ಸುತ್ತಿದ ಒಂದು ಪುಟ್ಟ ದಿಂಬು. ಎಣ್ಣೆ ಹಚ್ಚಿದ ಕೈಯಿಂದ ಅದನ್ನು ಮಗುಚಲು ಹೋದಳು. ಬೆರಳು ಹಿಡಿತಕ್ಕೆ ಬರಲಿಲ್ಲ. ದಿಂಬು ಜಾರಿ ನೆಲಕ್ಕೆ ಬಿತ್ತು. ಅದನ್ನೇ ನೋಡುತ್ತ ಕೂತವಳು ನನ್ನನ್ನು ಕಂಡು ಮೆಲ್ಲಗೆ ಹೇಳಿದಳು:

"ದಿನಾ ಬೀಳಿಸ್ತೀನಿ ಕಣೆ. ಕೂಸನ್ನ ಹೆಂಗೆ ಹಿಡೀಲಿ?"

ಅವಳು ಸ್ವಂತ ಮೈಯ ದೂರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿದ ಅವರು, ಇದು ಸಂಧಿವಾತವಲ್ಲ, ಮುಟ್ಟು ನಿಲ್ಲುವ ಕಾಲದಲ್ಲಿ ಸೆಕೆ, ನಿದ್ದೆಗೇಡು, ಕೀಲುನೋವು ಎಷ್ಟೋ ಹೆಂಗಸರಿಗೆ ಬರುತ್ತವೆ ಎಂದರು. ಮಾತ್ರೆ ಬರೆದರು, ಕೈಕಾಲಿಗೆ ವ್ಯಾಯಾಮ ಹೇಳಿಕೊಟ್ಟರು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಅಕ್ಕನಿಗೆ ಅದಕ್ಕೊಂದು ಕಾರಣ ಹೊಳೆಯಲಿಲ್ಲ.

ಮಗಳಿಗೆ ಈಗಲಾದರೂ ಹೇಳು ಎಂದೆ. ಮೊದಲು ವಾಸಿಯಾಗಲಿ, ಆಮೇಲೆ ಎರೆದೇ ತೋರಿಸುತ್ತೇನೆ ಎಂದಳು. ವ್ಯಾಯಾಮ ತಪ್ಪಿಸಲಿಲ್ಲ. ಸೆಕೆ ಇಳಿಯಿತು, ಗೋಡೆ ಬಿಟ್ಟು ನಡೆದಳು, ಬೆರಳು ಮಡಚಿದವು. ಆದರೆ ಮೈ ನಿಧಾನ, ಕೂಸು ಅವಸರ. ಇವಳು ನೋವಿಲ್ಲದೆ ನೆಲದ ಮೇಲೆ ಕಾಲು ನೀಡಿ ಕೂರುವಂತಾಗುವ ಹೊತ್ತಿಗೆ ಹರಿಹರದಲ್ಲಿ ಅವನು ಓಡಾಡುತ್ತಿದ್ದ.

ಆದರೂ ಹೋದೆವು. ಅಕ್ಕ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದಿದ್ದಳು. ಹುಡುಗ ಅವಳನ್ನು ಕಂಡು ಅಮ್ಮನ ಹಿಂದೆ ಅಡಗಿಕೊಂಡ. ಕರೆದರೆ ಬಾಗಿಲ ಹಿಂದಕ್ಕೆ ಓಡಿದ. ಎರೆಯುವ ವಯಸ್ಸು ದಾಟಿತಲ್ಲಮ್ಮ, ಈಗ ನಿಂತುಕೊಂಡೇ ಸ್ನಾನ ಮಾಡುತ್ತಾನೆ ಎಂದಳು ಮಗಳು, ಯಾವ ಸಿಟ್ಟೂ ಇಲ್ಲದೆ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತೇನೋ.

ಅಕ್ಕ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಮೊಣಕಾಲು, ಬೆರಳು, ದಿಂಬು, ಬೀಳಿಸಿಬಿಡುವ ಹೆದರಿಕೆ. ಮಧ್ಯೆ ಎಲ್ಲೂ ಕಥೆ ಕಟ್ಟಲಿಲ್ಲ. ಮಗಳು ಕೇಳುತ್ತ ಕೇಳುತ್ತ ಹತ್ತಿರ ಬಂದು ನೆಲದ ಮೇಲೆ ಕೂತಳು. ಅಮ್ಮನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು.

"ಹೇಳಿದ್ರೆ ಇಬ್ಬರೂ ಸೇರಿ ಎರೀತಿದ್ವಲ್ಲಮ್ಮ," ಎಂದಳು. "ನೀ ನೀರು ಹಾಕಿದ್ರೆ ಸಾಕಿತ್ತು. ನಾ ಹಿಡ್ಕೊಂತಿದ್ದೆ."

ಅಕ್ಕ ತಲೆಯಾಡಿಸಿದಳು. ಅಷ್ಟು ಸುಲಭದ ದಾರಿಯೊಂದಿತ್ತು ಎಂಬುದು ಅವಳಿಗೆ ತಿಳಿದದ್ದು ಆಗ, ನನಗೂ. ತನ್ನಮ್ಮ ಅಳುವುದನ್ನು ಕಂಡ ಹುಡುಗ ಬಾಗಿಲ ಹಿಂದಿನಿಂದ ಮೆಲ್ಲಗೆ ಹೊರಬಂದು, ಈ ಹೊಸ ಅಜ್ಜಿ ಏನು ಮಾಡಿದಳೋ ಎಂಬಂತೆ ಇಬ್ಬರ ಮುಖವನ್ನೂ ನೋಡುತ್ತ ನಿಂತ.