ಪರದೆ ಮಾಮನ ಬಾವುಟ

ಇನ್ನು ಪರದೆ ಹೊಲಿದರೆ ತನ್ನ ಕೈ ಕೈಯೇ ಅಲ್ಲವೆಂದು ದರ್ಜಿ ಬೆಳಗ್ಗೆಯೇ ಹೆಂಡತಿಯೆದುರು ಶಪಥ ಮಾಡಿ, 'ಪರದೆ ಹೊಲಿಯಲಾಗುವುದು' ಎಂಬ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಇಪ್ಪತ್ತು ವರ್ಷ ಕಿಟಕಿಗಳ ಮಾನ ಕಾಪಾಡಿದ್ದಕ್ಕೆ ಸಿಕ್ಕಿದ್ದು 'ಪರದೆ ಮಾಮ' ಎಂಬ ಬಿರುದೊಂದೇ. ಈಗ ವಸ್ತುಸಂಗ್ರಹಾಲಯದಿಂದ ಚೀಟಿ ಬಂದಿತ್ತು: 'ರೋಮನ್ ಸೈನ್ಯದ ಬಾವುಟ, ವೆಕ್ಸಿಲಂ, ಒಂದು. ಕೆಂಪು ಚೌಕ, ಕೆಳಗೆ ಕುಚ್ಚು. ಸಂಜೆ ಐದಕ್ಕೆ.' ಇದು ಗೆದ್ದರೆ ಅಲ್ಲಿಯ ಬಾವುಟಗಳೆಲ್ಲ ತನ್ನವೇ ಎಂದು ಅವನ ಲೆಕ್ಕಾಚಾರ.

ನಾಲ್ಕು ಗಂಟೆಗೆ ಬಾವುಟ ಸಿದ್ಧವಾಯಿತು. ಪಕ್ಕದಂಗಡಿಯ ಕ್ಷೌರಿಕ ಕತ್ತಿ ಹಿಡಿದೇ ನೋಡಲು ಬಂದ.

"ಇದೇನ್ ಮಾಮ, ಕೋಲು ತೂರಿಸೋ ಪಟ್ಟಿ ಮೇಲ್ಗಡೆ ಇಟ್ಟಿದ್ದೀಯ? ಬಾವುಟಕ್ಕೆ ಕೋಲು ಪಕ್ಕದಲ್ಲಲ್ವಾ?"

ದರ್ಜಿ ಬಾವುಟವನ್ನು ಎತ್ತಿ ಹಿಡಿದು ನೋಡಿದ. ಅಭ್ಯಾಸಬಲದಿಂದ ಕೈ ಪರದೆಯನ್ನೇ ಹೊಲಿದಿತ್ತು!

ಒಂದು ಕೆನ್ನೆಯ ನೊರೆಯೊಂದಿಗೆ ಕ್ಷೌರಿಕನ ಗಿರಾಕಿಯೂ ಹಿಂದೆಯೇ ಬಂದ. "ಸೈನಿಕರು ಇದನ್ನ ಯುದ್ಧಕ್ಕೆ ಒಯ್ತಾರೋ, ಬಚ್ಚಲ ಬಾಗಿಲಿಗೆ ಕಟ್ತಾರೋ?"

"ಬಿಚ್ಬೇಡಿ. ಫೋನ್ ಮಾಡಿ ಕೇಳಿ," ಎಂದಳು ಹೆಂಡತಿ.

"ಕೇಳಿದ್ರೆ ಇವನಿಗೇನೂ ಗೊತ್ತಿಲ್ಲ ಅಂದ್ಕೊಳ್ತಾರೆ ಕಣೇ!"

ಹಲ್ಲು ಕಚ್ಚಿ, ಶತ್ರುವಿನ ಕೋಟೆಯ ಕಲ್ಲು ಕೀಳುವವನಂತೆ ಒಂದೊಂದೇ ಹೊಲಿಗೆ ಬಿಚ್ಚಿದ. ಸೂಜಿ ಮೂರು ಸಲ ಬೆರಳು ಕಚ್ಚಿತು. ಐದಕ್ಕೆ ಐದು ನಿಮಿಷವಿರುವಾಗ ಪಟ್ಟಿ ಪಕ್ಕಕ್ಕೆ ಬಂದು ಕೂತಿತು.

ಸಂಗ್ರಹಾಲಯದ ಮೇಡಂ ಬಂದು ನೋಡಿ ಹಣೆ ಚಚ್ಚಿಕೊಂಡರು. "ಲ್ಯಾಟಿನ್‌ನಲ್ಲಿ ಹಡಗಿನ ಹಾಯಿಗೆ ವೇಲಂ ಅಂತಾರೆ. ವೆಕ್ಸಿಲಂ ಅಂದ್ರೆ ಪುಟ್ಟ ಹಾಯಿ. ಅದು ಮೇಲಿನ ಅಡ್ಡಕೋಲಿಂದ ಜೋತಾಡ್ಬೇಕು. ಪಟ್ಟಿ ಪಕ್ಕದಲ್ಲಿ ಯಾರು ಇಡಿ ಅಂದಿದ್ದು?"

ದರ್ಜಿ ಹಿಂತಿರುಗಿ ನೋಡಿದ. ಪಕ್ಕದಂಗಡಿಯಲ್ಲಿ ಕ್ಷೌರಿಕ ಅದೇ ಕೆನ್ನೆಯನ್ನು ಮೊದಲ ಸಲ ಕಾಣುತ್ತಿರುವವನಂತೆ ತನ್ಮಯನಾಗಿ ಬೋಳಿಸುತ್ತಿದ್ದ.

"ಇಪ್ಪತ್ತೇ ನಿಮಿಷ ಮೇಡಂ!" ದರ್ಜಿ ಮತ್ತೆ ಬಿಚ್ಚಿದ, ಮತ್ತೆ ಹೊಲಿದ. ಮೇಲಿನ ಪಟ್ಟಿಯ ಮೇಲೆ ಕೈ ಕಣ್ಣಿನ ಹಂಗಿಲ್ಲದೆ ಓಡಿತು.

ಮೇಡಂ ಬೆರಗಾದರು. "ಎಂಥ ಕೈ ರೀ! ರೋಮಿನವರು ಪರದೆಗೂ ವೇಲಂ ಅಂತಲೇ ಅಂತಿದ್ರು, ಗೊತ್ತಾ?"

ದರ್ಜಿಯ ಮುಖ ಅರಳಿತು. "ಹಾಗಾದ್ರೆ ಉಳಿದ ಬಾವುಟಗಳು, ಮೇಡಂ?"

"ಬಾವುಟ ಇದೊಂದೇ ಸಾಕು. ಆದ್ರೆ ನಮ್ಮಲ್ಲಿ ನಲವತ್ತು ಕಿಟಕಿ ಇವೆ. ನಿಮ್ಮಂಥವರಿಗಾಗೇ ಹುಡುಕ್ತಿದ್ವಿ."

ಆಗುವುದಿಲ್ಲವೆನ್ನಲು ದರ್ಜಿ ಬಾಯಿ ತೆರೆದ. "ಉದ್ದ ಎಷ್ಟು, ಅಗಲ ಎಷ್ಟು?" ಎಂದಿತು ಬಾಯಿ.

ಹೆಂಡತಿ ಬೋರ್ಡನ್ನು ಬೀದಿಯ ಕಡೆ ತಿರುಗಿಸಿಟ್ಟಳು.