ಕಾರಿಗೆ ಕಟ್ಟಿದ ಒದ್ದೆ ಗೋಣಿ

ಉಷ್ಣಾಂಶದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕೋಲಾರ ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂದು ನಾನು ನಂಬಿಕೊಂಡಿದ್ದ ಕಾಲವದು. ರೈತರಿಗೆ ರೇಷ್ಮೆಹುಳು ಸಾಕುವುದನ್ನು ಹೇಳಿಕೊಡುವುದು ನನ್ನ ಉದ್ಯೋಗ. ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಚೀಲದಲ್ಲಿ ಥರ್ಮಾಮೀಟರ್ ಇರುತ್ತಿತ್ತು. ಬೇಸಿಗೆಯಲ್ಲಿ ಹುಳುಮನೆ ಕಾದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಎಂದು ಹಳ್ಳಿ ಹಳ್ಳಿಯಲ್ಲಿ ಉಪದೇಶ ಮಾಡಿದವನು ನಾನು. ನಾನು ಹುಟ್ಟುವ ಮೊದಲೇ ಆ ರೈತರ ಅಜ್ಜಂದಿರು ಗೋಣಿ ಕಟ್ಟುತ್ತಿದ್ದರು, ಆ ಮಾತು ಬೇರೆ.

ಎಂಬತ್ತರ ದಶಕದ ಒಂದು ಏಪ್ರಿಲ್. ಸುಗಟೂರಿನ ನಮ್ಮ ಅತ್ತೆಗೆ ಕೋಲಾರದಲ್ಲಿ ಕಣ್ಣಿನ ಆಪರೇಷನ್ ಆಯಿತು. ಊರಿಗೆ ಕರೆದೊಯ್ಯುವಾಗ ಧೂಳು ಬೀಳಬಾರದು, ಬೆವರಿ ಪಟ್ಟಿ ಒದ್ದೆಯಾಗಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಅದಕ್ಕೆಂದೇ ನನ್ನ ಭಾಮೈದ, ಅಂದರೆ ನನ್ನ ಹೆಂಡತಿ ಶಾರದೆಯ ತಮ್ಮ, ಮದ್ರಾಸಿನಿಂದ ತಂದಿದ್ದ ತನ್ನ ಏಸಿ ಕಾರನ್ನು ನಮ್ಮ ಮನೆ ಮುಂದೆ ಬಿಟ್ಟು, ರಜ ಮುಗಿಯಿತೆಂದು ರೈಲು ಹತ್ತಿದ. ಆಗೆಲ್ಲ ಏಸಿ ಕಾರು ಅಂದರೆ ಬೀದಿಯವರು ಬಂದು ಇಣುಕಿ ನೋಡುತ್ತಿದ್ದರು.

"ಭಾವಾ, ಈ ಗುಂಡಿ ತಿರುಗಿಸಿ, ತಣ್ಣಗೆ ಬರುತ್ತೆ. ಬೇರೆ ಏನೂ ಮುಟ್ಬೇಡಿ," ಎಂದು ಹೇಳಿ ಹೋಗಿದ್ದ.

"ತಂಪು ಮಾಡೋದು ನಂಗೇ ಹೇಳ್ಕೊಡ್ತೀಯೇನೋ?" ಎಂದು ನಕ್ಕಿದ್ದೆ.

ಹಿಂದಿನ ದಿನ ಏಸಿ ಹಾಕಿ ಥರ್ಮಾಮೀಟರ್ ಹಿಡಿದೆ. ಇಪ್ಪತ್ತಾರು ಡಿಗ್ರಿ. ದೊಡ್ಡ ಹುಳುವಿಗೆ ಇಪ್ಪತ್ನಾಲ್ಕು ಇದ್ದರೆ ಒಳ್ಳೆಯದು. ಹುಳುವಿಗೇ ಅಷ್ಟು ಬೇಕಾದರೆ ಅತ್ತೆಗೆ ಬೇಡವೇ? ಬಿಸಿಗಾಳಿ ಹೊಡೆಯುವುದು ಕಾರಿನ ಮುಂದಿನಿಂದ. ಅತ್ತೆಯ ಹುಳುಮನೆಯಿಂದ ಬಂದಿದ್ದ ಎರಡು ಗೋಣಿ ನಮ್ಮ ಹಿತ್ತಿಲಲ್ಲಿದ್ದವು. ಹೊರಡುವ ಮುನ್ನ ಒಂದನ್ನು ನೆನೆಸಿ, ಕಾರಿನ ಮುಂದಿನ ಜಾಲರಿಯ ಹಿಂದೆ ಯಾರಿಗೂ ಕಾಣದಂತೆ ಸುತಳಿಯಿಂದ ಬಿಗಿದೆ. ಇನ್ನೊಂದನ್ನು ಡಿಕ್ಕಿಯಲ್ಲಿಟ್ಟೆ. ಶಾರದೆಗೂ ಹೇಳಲಿಲ್ಲ. ತಂಪು ಕಂಡು ಅವಳೇ ಕೇಳಲಿ, ಆಮೇಲೆ ವಿವರಿಸೋಣ ಎಂದುಕೊಂಡೆ.

ಅತ್ತೆ ಹಳೇ ಕಾಲದವರು. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾದರೂ ಅಳಿಯನ ಜೊತೆ ನೇರವಾಗಿ ಒಂದು ಮಾತಾಡಿದವರಲ್ಲ. ನಾನು ಎದುರಿಗೇ ಕೂತಿದ್ದರೂ "ಅವ್ರಿಗೆ ಸಾರು ಬಡ್ಸೇ" ಎಂದು ಮಗಳಿಗೇ ಹೇಳುತ್ತಿದ್ದರು. ಅಂದು ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಹಸಿರು ಬಟ್ಟೆ. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತವರು ಒಮ್ಮೆ ಮೂಗೆಳೆದು, ಏನೋ ಹೇಳಹೊರಟು ಸುಮ್ಮನಾದರು. ನಾನು ಕಿಟಕಿಗಳನ್ನೆಲ್ಲ ಏರಿಸಿ, ಗುಂಡಿ ತಿರುಗಿಸಿ ಹೊರಟೆ.

ಊರು ದಾಟುವ ಹೊತ್ತಿಗೆ ಶಾರದೆ, "ಏನ್ರೀ, ಬಿಸಿ ಗಾಳಿ ಬರ್ತಿದೆ," ಎಂದಳು.

"ಮೊದ್ಲು ಹಂಗೇ ಬರೋದು. ಒಳಗಿನ ಶಾಖ ಆಚೆ ಹೋಗ್ಬೇಕಲ್ಲ."

ಥರ್ಮಾಮೀಟರ್ ಮೂವತ್ನಾಲ್ಕು ತೋರಿಸಿತು. ಹುಣಸೆ ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಗೋಣಿ ಒಣಗಿಹೋಗಿತ್ತು. ರೋಗ ಸಿಕ್ಕಿತು! ಕುಡಿಯಲು ತಂದಿದ್ದ ನೀರನ್ನೆಲ್ಲ ಅದಕ್ಕೆ ಸುರಿದು, ಡಿಕ್ಕಿಯಲ್ಲಿದ್ದ ಗೋಣಿಯನ್ನೂ ಅದರ ಮೇಲೆ ಕಟ್ಟಿದೆ.

ಮೂವತ್ತೇಳಾಯಿತು. ಗುಂಡಿ ಸರಿಯಾಗಿ ಕೂತಿಲ್ಲವೇನೋ ಎಂದು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಮೂರನೆಯ ಸಲಕ್ಕೆ ಗುಂಡಿ ಕಿತ್ತುಕೊಂಡು ಕೈಗೇ ಬಂತು.

"ಕಿಟಕಿ ಇಳಿಸ್ಲಾ?" ಎಂದಳು ಶಾರದೆ.

"ಧೂಳು ಬೀಳಬಾರ್ದು ಅಂತ ಡಾಕ್ಟ್ರು ಹೇಳಿಲ್ವೇನೇ?"

"ಬೆವರಬಾರ್ದು ಅಂತಾನೂ ಹೇಳಿದ್ರು. ನಿಮ್ಗೆ ಒಂದೇ ಕೇಳಿಸ್ತಾ?"

"ಊರುಕೋವೇ," ಎಂದು ಅತ್ತೆ ತೆಲುಗಿನಲ್ಲಿ ಮಗಳನ್ನು ಸುಮ್ಮನಾಗಿಸಿದರು. "ಅವ್ರಿಗೆ ಹೇಳೇ, ನಂಗೇನೂ ಸೆಕೆ ಇಲ್ಲ ಅಂತ."

ಕನ್ನಡಿಯಲ್ಲಿ ನೋಡಿದೆ. ಅವರ ಹಣೆಯಿಂದ ಇಳಿದ ಬೆವರು ಪಟ್ಟಿಯ ಅಂಚಿಗೆ ಸೇರುತ್ತಿತ್ತು. ಆ ಹೊತ್ತಿಗೇ ಕಾರಿನ ಮುಂದಿನಿಂದ ಬುಸ್ಸೆಂದು ಹಬೆ ಎದ್ದು ರಸ್ತೆಯೇ ಕಾಣದಾಯಿತು.

ಕಾರು ನಿಂತದ್ದು ರಸ್ತೆ ಬದಿಯಲ್ಲಿ, ಸೈಕಲ್ ಜೊತೆ ಕಾರು ಲಾರಿಗಳನ್ನೂ ರಿಪೇರಿ ಮಾಡುತ್ತಿದ್ದ ಬಾಬು ಸಾಬರ ಸೈಕಲ್ ಶಾಪಿನ ಮುಂದೆ. ಅವರು ಅತ್ತೆಯನ್ನು ನೆರಳಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಬೀಸಣಿಗೆ ಕೊಟ್ಟು, ಆಮೇಲೆ ಬಾನೆಟ್ ಎತ್ತಿದರು. ಒಂದು ಗೋಣಿ ಎಳೆದರು. ಇನ್ನೊಂದನ್ನೂ ಎಳೆದರು. ಅಷ್ಟರಲ್ಲಿ ಪಕ್ಕದ ಟೀ ಅಂಗಡಿಯಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಬಂದು ನಿಂತರು.

"ಯಾರ್ ಸಾರ್ ಇದನ್ನ ಕಟ್ಟಿದ್ದು? ಏಸಿ ಬಿಸಿ ಆಚೆ ಬಿಡೋ ಜಾಗ ಇದೇ. ಇಂಜಿನ್‌ಗೂ ಗಾಳಿ ಇಲ್ಲಿಂದ್ಲೇ. ಮೂಗು ಬಾಯಿ ಎರಡೂ ಮುಚ್ಚಿದ್ರೆ ಗಾಡಿ ಏನ್ ಮಾಡ್ತದೆ?"

ಅಷ್ಟು ಜನ ನೋಡುತ್ತಿದ್ದರು. ನನ್ನ ಬಾಯಿಂದ ಬಂದ ಮಾತು ಇದು: "ನಮ್ಮ ಭಾಮೈದ. ಮದ್ರಾಸಲ್ಲಿ ಹಂಗೇ ಕಟ್ತಾರಂತೆ."

ಬೀಸಣಿಗೆ ನಿಂತಿತು.

"ಅಳಿಯಂದ್ರೇ," ಎಂದರು ಅತ್ತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ, ನನಗೇ. "ಕಾರು ಹತ್ತಿದಾಗ್ಲೇ ನಮ್ಮ ಗೋಣಿ ವಾಸನೆ ಬಂತು. ಇಷ್ಟು ವರ್ಷ ಹುಳ ಸಾಕಿದೀನಿ, ಗೊತ್ತಾಗಲ್ವಾ? ಅಳಿಯಂದ್ರಿಗೆ ಹೆಂಗೆ ಹೇಳೋದು ಅಂತ ಸುಮ್ಕಿದ್ದೆ. ಪಾಪ, ನನ್ ಮಗನ್ನ ಯಾಕೆ ಅಂತೀರ? ಅವ್ನಿಗೆ ಗೋಣಿ ಕಟ್ಟೋಕೂ ಬರಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಮರ್ಯಾದೆ ಕಾಪಾಡಲು ಅವರು ದಾರಿಯುದ್ದಕ್ಕೂ ಬೆಂದಿದ್ದರು, ನಾನು ಅವರ ಮಗನನ್ನೇ ಜನರ ಮುಂದೆ ದಡ್ಡನನ್ನಾಗಿ ಮಾಡಿದ್ದೆ. ಶಾರದೆ ನನ್ನ ಕಡೆ ನೋಡಲೇ ಇಲ್ಲ.

ಕಾರು ಆರಿದ ಮೇಲೆ ಬಾಬು ಸಾಬರು ನೀರು ತುಂಬಿ, ಗುಂಡಿಯನ್ನು ಮತ್ತೆ ಕೂರಿಸಿದರು. ಪಟ್ಟಿ ಒದ್ದೆಯಾಗಿತ್ತಾದ್ದರಿಂದ ಸುಗಟೂರಿಗಲ್ಲ, ಆಸ್ಪತ್ರೆಗೇ ವಾಪಸು ಹೋದೆವು. ಡಾಕ್ಟರು ಪಟ್ಟಿ ಬದಲಿಸಿ, ಕಣ್ಣಿಗೇನೂ ಆಗಿಲ್ಲ ಎಂದು ಹೇಳಿ, ಎರಡು ದಿನ ಅಲ್ಲೇ ಇರಿಸಿಕೊಂಡರು. ಏನಾಯಿತು ಎಂದು ಅವರು ಕೇಳಿದಾಗ ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ.

ಮೂರನೆಯ ದಿನ ಮತ್ತೆ ಹೊರಟೆವು. ಅತ್ತೆ ಸೀಟಿನಲ್ಲಿ ಸರಿಯಾಗಿ ಕೂತು, ಎಂದಿನಂತೆ ಮಗಳಿಗೇ ಹೇಳಿದರು: "ಅವ್ರಿಗೆ ಹೊರಡೋಕೆ ಹೇಳೇ. ಗೋಣಿ ಎರಡೂ ನನ್ ಕಾಲಡಿ ಐತೆ."

ಸುಗಟೂರು ತಲುಪುವವರೆಗೂ ಕಾರಿನಲ್ಲಿ ಇಪ್ಪತ್ತಾರು ಡಿಗ್ರಿ. ಬೆವರಿದವನು ನಾನೊಬ್ಬನೇ.