ಮಾಮಾ ತೊಟ್ಟ ಜಾಕಿ ಅಂಗಿ

ಆ ಭಾನುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ನಾನು ಸುಲ್ತಾನ್ ಬಜಾರಿನ ಒಂದು ಓಣಿಯಲ್ಲಿ, ಸೋದರಮಾವನ ಹೊಲಿಗೆ ಅಂಗಡಿಯ ಎರಡನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಎರಡನೆಯದೋ ಮೂರನೆಯದೋ ಎಂಬ ಅನುಮಾನ ಬಂದು ಮರುದಿನ ಹೋಗಿ ನಿಂತು ನೋಡಿದ್ದೇನೆ. ಎರಡನೆಯದೇ. ಮೂರನೆಯದರಿಂದ ಎದುರು ಮನೆಯ ಕಿಟಕಿ ಕಾಣುವುದಿಲ್ಲ, ಅಂಗಡಿಯ ಬೋರ್ಡು ಅಡ್ಡ ಬರುತ್ತದೆ. ಇಷ್ಟು ಖಚಿತವಾಗಿ ಯಾಕೆ ಹೇಳುತ್ತೇನೆಂದರೆ, ಮಾಮಾನ ವಿಷಯದಲ್ಲಿ ನಾನು ಏನು ಹೇಳಿದರೂ ನಮ್ಮ ಮನೆಯವರು ಅರ್ಧ ಕಳೆದು ಕೇಳುತ್ತಾರೆ!

ಹೈದರಾಬಾದಿನಲ್ಲಿ ಕುದುರೆಗಳ ಬಗ್ಗೆ ನಮ್ಮ ಮಾಮಾನಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ಅವರು ಜನ್ಮದಲ್ಲಿ ಒಂದು ರೇಸನ್ನೂ ನೋಡಿದವರಲ್ಲ. ಕಲಬುರಗಿಯಿಂದ ಬಂದು, ರೇಸಿನಲ್ಲಿ ಕುದುರೆ ಓಡಿಸುವ ಜಾಕಿಗಳ ಬಣ್ಣದ ಅಂಗಿ ಹೊಲಿಯಲು ಕೂತವರು, ಮಲಕಪೇಟೆಯ ರೇಸ್ ಮೈದಾನದ ಗೇಟು ದಾಟಿ ಒಳಗೆ ಹೋಗಲೇ ಇಲ್ಲ. ಕೇಳಿದರೆ, “ಓಟ ಏನ್ ನೋಡ್ತಿಯಪಾ, ಎರಡು ಮಿನಿಟಿಂದು! ಅಂಗಿ ನೋಡು. ಗೆದ್ದಾಂವ ಕೈ ಮ್ಯಾಲೆತ್ತತಾನ, ಕಂಕುಳ ಹರೀತೈತಿ. ಸೋತಾಂವನ ಅಂಗಿಗೆ ಏನೂ ಆಗಂಗಿಲ್ಲ” ಎನ್ನುತ್ತಿದ್ದರು. ರಿಪೇರಿಗೆ ಬಂದ ಕಂಕುಳುಗಳನ್ನು ಎಣಿಸಿಯೇ ಕುದುರೆಗಳ ಯೋಗ್ಯತೆ ನಿರ್ಧರಿಸಿದ ಪಂಡಿತರು ಜಗತ್ತಿನಲ್ಲಿ ಬೇರೆ ಯಾರಿದ್ದಾರೆ?

ನನಗೆ ಹೆಣ್ಣು ನೋಡಲು ಹೋದಾಗ ಹಿರಿಯರಾಗಿ ಇವರೇ ಬಂದಿದ್ದರು. ಆ ಕಡೆಯವರು ಮನೆತನ ಕೇಳಿದರು. ಮಾಮಾ ಯಾವುದೋ ಧ್ಯಾನದಲ್ಲಿದ್ದವರು ಆ ವರ್ಷದ ಒಂದು ಕುದುರೆಯ ತಂದೆ, ತಾಯಿ, ಅಜ್ಜ, ಮುತ್ತಜ್ಜಿಯವರೆಗೆ ಹೇಳಿಕೊಂಡು ಹೋದರು. ಹೆಣ್ಣಿನ ತಂದೆ ಕೈ ಮುಗಿದು ಅಂದರು, “ಭಾಳ ದೊಡ್ಡ ಮನೆತನ ರೀ!” ಮದುವೆ ಆಗಿಯೇ ಹೋಯಿತು. ನಾನು ಈವರೆಗೆ ತಿದ್ದುಪಡಿ ಕೊಟ್ಟಿಲ್ಲ.

ಮಾಮಾ ಕಟ್ಟುತ್ತಿದ್ದದ್ದು ವರ್ಷಕ್ಕೆ ಒಂದೇ ಪಂದ್ಯ. ಆ ವರ್ಷದ ಅತ್ಯುತ್ತಮ ಕುದುರೆಗೆ ರೇಸಿನವರು ಒಂದು ಪ್ರಶಸ್ತಿ ಕೊಡುತ್ತಾರಲ್ಲ, ಅದು ಯಾವುದಕ್ಕೆ ಬರುತ್ತದೆ ಎಂಬುದರ ಮೇಲೆ. ಎದುರಾಳಿಯೂ ಒಬ್ಬರೇ. ಓಣಿಯ ಆಚೆ ಬದಿ ಮಹಡಿಯ ಮೇಲಿನ ಖಾಜಾ ಸಾಹೇಬರು. ಬೀದರ್ ಕಡೆಯವರು, ನಲವತ್ತು ವರ್ಷ ಲಾಯದಲ್ಲಿ ಕುದುರೆ ನೋಡಿಕೊಂಡು ನಿವೃತ್ತರಾದವರು. ದುಡ್ಡಿಟ್ಟು ಆಡುವುದು ಹರಾಮ್ ಎಂದು ಅವರು, ಹೆಂಡತಿಗೆ ಗೊತ್ತಾಗುತ್ತದೆ ಎಂದು ಇವರು, ಇಬ್ಬರೂ ಸೇರಿ ಬೇರೆ ಶರ್ತು ಮಾಡಿಕೊಂಡಿದ್ದರು. ಒಂದೊಂದು ಕುದುರೆಯ ಜಾಕಿಗೂ ಅದರದೇ ಬಣ್ಣದ ಅಂಗಿ ಇರುತ್ತದೆ; ಸೋತವನು ಪ್ರಶಸ್ತಿ ಗೆದ್ದ ಕುದುರೆಯ ಜಾಕಿ ಅಂಗಿ ತೊಟ್ಟು ಓಣಿಯ ಕೊನೆಯವರೆಗೆ ಹೋಗಿ ಬರಬೇಕು. ಗೆದ್ದವನು ಜೊತೆಗೆ ನಡೆಯಬೇಕು.

ತಾನೇ ಗೆಲ್ಲುವುದೆಂಬ ಖಾತ್ರಿಯಿಂದ ಮಾಮಾ ಪ್ರತಿ ವರ್ಷ ಖಾಜಾ ಸಾಹೇಬರ ಅಳತೆಗೆ ಅಂಗಿ ಹೊಲಿದಿಡುತ್ತಿದ್ದರು. ತಾನೇ ಸೋತರೆ? ಅಂಗಡಿಯಲ್ಲಿ ನೇತಾಡುವ ನಿಜವಾದ ಜಾಕಿ ಅಂಗಿಯೊಳಗೇ ತೂರಿಕೊಳ್ಳಬೇಕು. ಜಾಕಿಗಳೆಂದರೆ ಐವತ್ತು ಕಿಲೋದ ಆಸಾಮಿಗಳು. ಮಾಮಾ ಸುಮಾರು ಎರಡು ಜಾಕಿ! ಒಮ್ಮೆ ಹಾಗೆ ಹೊರಟಾಗ ಮದುವೆ ಬ್ಯಾಂಡಿನವನೊಬ್ಬ ಅಡ್ಡ ನಿಂತು, “ಯಾವ ಬ್ಯಾಂಡ್ ರೀ ನಿಮ್ಮದು?” ಎಂದು ವಿಚಾರಿಸಿದ್ದ.

ನಾನು ಮೆಟ್ಟಿಲ ಮೇಲೆ ನಿಂತೆನೆಂದೆನಲ್ಲ, ಆ ವರ್ಷ ಖಾಜಾ ಸಾಹೇಬರ ಹೆಂಡತಿ ತೀರಿಕೊಂಡರು. ಅಂದಿನಿಂದ ಸಾಹೇಬರು ಕೆಳಗೆ ಇಳಿಯಲಿಲ್ಲ. ಎಂಟು ತಿಂಗಳಾದ ಮೇಲೆ ಅವರ ಮಗಳು ಶಬಾನಾ ಅಂಗಡಿಗೆ ಬಂದು, “ಚಾಚಾ, ಅಬ್ಬಾ ಗ್ವಾಡಿ ನೋಡ್ಕೋತ ಕೂತಬಿಟ್ಟಾರ. ಹಿಂಗ ಕೂತ್ರ ಕಾಲು ಪೂರಾ ಹೋಗ್ತಾವಂತ ಡಾಕ್ಟರ್ ಅಂದಾರ. ಯಾರ ಮಾತೂ ಕೇಳಾಕತ್ತಿಲ್ಲ” ಎಂದಳು. ಮಾಮಾ ಬಾಯಲ್ಲಿದ್ದ ದಾರ ತೆಗೆದು ಕೇಳಿದ್ದು ಒಂದೇ ಮಾತು: “ಅಂವ ಬೆಳೆಸಿದ ಕಂದು ಕುದುರಿ ಈ ಸಲ ಪ್ರಶಸ್ತಿಗೆ ಐತಿ, ಹೌದಿಲ್ಲೋ?”

ಅದು ಖಾಜಾ ಸಾಹೇಬರು ಕೊನೆಯದಾಗಿ ನೋಡಿಕೊಂಡ ಹೆಣ್ಣು ಕುದುರೆ. ಅದನ್ನು ‘ಬೇಟಿ’ ಎನ್ನುತ್ತಿದ್ದರು. ಮಾಮಾ ಆ ಕ್ಷಣವೇ ಓಣಿಯ ನಡುವೆ ನಿಂತು ಕಿಟಕಿಗೆ ಮುಖ ಮಾಡಿ ಕೂಗಿದರು, “ಖಾಜಾ! ನಿನ್ನ ಬೇಟಿ ಏನ್ ಗೆಲ್ತಾಳೋ? ಟಾಂಗಾಕ್ಕ ಕಟ್ಟಾಕೂ ಬರಂಗಿಲ್ಲ!” ಒಂದು ದಿನ ಅಲ್ಲ, ಆರು ದಿನ. ಏಳನೆಯ ದಿನ ಕಿಟಕಿ ತೆರೆಯಿತು. “ನಿನ್ನ ಸೂಜಿಗೇನ್ ಗೊತ್ತೋ ಅಕೀ ಗುಣ! ಶರ್ತು ಕಟ್ಟು!”

ಮಾಮಾ ಬೇರೆ ಕುದುರೆಯ ಮೇಲೆ ಕಟ್ಟಿದರು. ನನಗೆ ಮೆಲ್ಲಗೆ ಹೇಳಿದರು, “ನಾ ಸೋಲಬೇಕು. ಬೇಟಿ ಸೋತ್ರ ಅಂವ ಶರ್ತಿಗೂ ಇಳಿಯಂಗಿಲ್ಲ, ಮತ್ತ ಗ್ವಾಡಿ ನೋಡ್ಕೋತ ಕೂಡ್ತಾನ. ಸೋತ್ರ ನನ್ನ ಜೋಡಿ ನಡಿಯಾಕ ಅಂವ ಇಳೀಲೇಬೇಕು.”

ಆ ಭಾನುವಾರ ನಾಲ್ಕು ಗಂಟೆಗೆ ನನ್ನ ಮೊಬೈಲಿನಲ್ಲಿ ಸುದ್ದಿ ಬಂತು. “ಮಾಮಾ, ನೀವು ಗೆದ್ದೀರಿ” ಎಂದೆ. ಗೆದ್ದ ಮನುಷ್ಯನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಎದ್ದು ಪರದೆಯ ಹಿಂದೆ ಹೋದರು. ಹೊರಬಂದಾಗ ಮೈಮೇಲೆ ಅರಿಸಿನ ಬಣ್ಣದ ಅಂಗಿ, ಕೆಂಪು ಚುಕ್ಕಿ, ಹಸಿರು ತೋಳು. ಬೇಟಿಯ ಜಾಕಿ ತೊಡುವ ಬಣ್ಣ. ಅದು ಅವರಿಗೆ ಸರಿಯಾಗಿ ಕೂತಿತ್ತು. ತನ್ನದೇ ಅಳತೆಗೆ ಮೊದಲೇ ಹೊಲಿದಿಟ್ಟುಕೊಂಡಿದ್ದರು!

ಕಿಟಕಿಯಲ್ಲಿ ಖಾಜಾ ಸಾಹೇಬರು. ಅವರಿಗೂ ಸುದ್ದಿ ತಿಳಿದಿತ್ತು.

“ಏ ಮಾಸ್ಟರ್! ತಲಿ ಕೆಟ್ಟೈತೇನ? ಸೋತಾಂವ ನಾನು! ಬಿಚ್ಚು ಅದನ್ನ!”

“ಬಿಚ್ಚಂಗಿಲ್ಲ.”

“ಬೇಟಿ ಗೆದ್ದಿಲ್ಲೋ!”

“ಹಂಗಂತ ರೇಸಿನವರು ಅಂದಾರ. ನಾ ಎಲ್ಲಿ ಅಂದೀನಿ?”

“ಇದು ಬೇಇಮಾನಿ!”

“ಹೌದು. ಬಂದು ಹಿಡಿ ನನ್ನ.”

“ತಡಿ, ಬಂದೆ!”

ಕಿಟಕಿ ಖಾಲಿಯಾಯಿತು. ಒಳಗಿನ ಮೆಟ್ಟಿಲ ಮೇಲೆ ಕೋಲಿನ ಸದ್ದು. ಎಣಿಸಿದೆ. ಹನ್ನೊಂದರಲ್ಲಿ ಸದ್ದು ನಿಂತಿತು. ಮಾಮಾ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು, ಬೆರಳು ಬೆಳ್ಳಗಾಗಿದ್ದವು. ಮತ್ತೆ ಸದ್ದು. ಹದಿನೇಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಖಾಜಾ ಸಾಹೇಬರು ಹೊರಗೆ ಬಂದರು, ಓಣಿ ದಾಟಿದರು, ಕೈ ಎತ್ತಿದರು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಮಾಮಾನ ಕಾಲರ್ ಸರಿ ಮಾಡಿದರು.

“ಚುಕ್ಕಿ ಭಾಳ ದೊಡ್ಡು ಮಾಡಿದಿ.”

“ಮೈ ದೊಡ್ಡದೈತಲ್ಲೋ.”

ರೇಸ್ ಗೆದ್ದ ಕುದುರೆಯನ್ನು ಲಾಯದವನು ಲಗಾಮು ಹಿಡಿದು ಜನರ ನಡುವೆ ನಡೆಸಿಕೊಂಡು ಬರುತ್ತಾನಂತೆ. ಖಾಜಾ ಸಾಹೇಬರು ಹಾಗೆ ಮಾಮಾನ ಮುಂಗೈ ಹಿಡಿದರು. ಇಬ್ಬರೂ ಓಣಿಯ ಕೊನೆಯವರೆಗೆ ನಿಧಾನ ನಡೆದರು. ಯಾರು ಯಾರನ್ನು ನಡೆಸುತ್ತಿದ್ದರು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಮಾಮಾ ಹೋಗಿ ಎರಡು ವರ್ಷವಾಯಿತು. ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ನಾಲ್ವರು. ಮಹಡಿಯಿಂದ ನೋಡುತ್ತಿದ್ದ ಶಬಾನಾ, ಪಕ್ಕದ ಬಳೆ ಅಂಗಡಿಯ ಯಾದಮ್ಮ, ನಾನು, ಮತ್ತು ಖಾಜಾ ಸಾಹೇಬರು. ಅವರು ದಿನಾ ಸಂಜೆ ಕೆಳಗಿಳಿದು ಓಣಿಯ ಕೊನೆಯವರೆಗೆ ಹೋಗಿ ಬರುತ್ತಾರೆ.